ಅಳಿಸಿದ್ದು ಯಾರು, ಒಪ್ಪಿದ್ದು ಯಾರು

ಮೇಡಂ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಹಳೆಯ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ. ಆ ಕೆಲಸ ಬಿಟ್ಟು ಎರಡು ವರ್ಷದ ಮೇಲಾಗಿದ್ದರೂ ಗುಂಪಿನಿಂದ ಹೊರಬರುವಷ್ಟು ಧೈರ್ಯವನ್ನು ನಾನಿನ್ನೂ ಮಾಡಿರಲಿಲ್ಲ. ಮೊದಲ ಸಂದೇಶ ನಮ್ಮ ಮಾಜಿ ಮ್ಯಾನೇಜರ್ ಅವರದು. ‘ಅವರ ಕಾರ್ಯತತಪರತೆ ನಮಗೆಲ್ಲ ದಾರಿದೀಪ’ ಎಂದು ಬರೆದು ಕೆಳಗೆ ಮುಗಿದ ಕೈಗಳನ್ನು ಮೂರು ಸಲ ಅಂಟಿಸಿದ್ದರು. ಅವಸರದಲ್ಲಿ ‘ತತ್ಪರತೆ’ಯ ಒತ್ತಕ್ಷರ ಬಿಟ್ಟುಹೋಗಿತ್ತು. ಉಳಿದವರೆಲ್ಲ ಅದನ್ನೇ ಕಾಪಿ ಮಾಡಿ ಹಾಕಿದ್ದರಿಂದ ಎಲ್ಲರ ದುಃಖದಲ್ಲೂ ಅದೇ ಒತ್ತಕ್ಷರ ಬಿಟ್ಟುಹೋಗಿತ್ತು. ಅವರು ಇದ್ದಿದ್ದರೆ ಅಷ್ಟನ್ನೂ ವಾಪಸ್ ಕಳಿಸುತ್ತಿದ್ದರು.

ವಾಪಸ್ ಕಳಿಸುವುದೇ ಅವರ ಉದ್ಯೋಗವಾಗಿತ್ತು. ಹುದ್ದೆಗೆ ಇಂಗ್ಲಿಷಿನಲ್ಲಿ ಉದ್ದದ ಹೆಸರೊಂದಿತ್ತು. ನಾವು ಬರೀ ‘ಮೇಡಂ’ ಎನ್ನುತ್ತಿದ್ದೆವು. ಬೆನ್ನ ಹಿಂದೆ ಏನೆನ್ನುತ್ತಿದ್ದೆವು ಎಂಬುದನ್ನು ಸತ್ತವರ ವಿಷಯದಲ್ಲಿ ಬರೆಯಬಾರದು.

ತುಮಕೂರಿನ ಸತ್ಯಮಂಗಲದ ಕೈಗಾರಿಕಾ ಪ್ರದೇಶದಲ್ಲಿ, ತಗಡಿನ ಡಬ್ಬಿ ಒತ್ತುವ ಕಾರ್ಖಾನೆಯೊಂದರ ಮಹಡಿಯ ಮೇಲೆ ನಮ್ಮ ಆಫೀಸು. ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ರಸ್ತೆ, ಓಣಿ, ಬಂಡಿದಾರಿ, ಕೆರೆ, ಕೊಳವೆಬಾವಿಗಳನ್ನೆಲ್ಲ ಕಂಪ್ಯೂಟರ್ ನಕ್ಷೆಗೆ ಏರಿಸುವ ಗುತ್ತಿಗೆ ನಮ್ಮದು. ಕೆಳಗಿನ ಯಂತ್ರ ಒಂದೊಂದು ಸಲ ಬಡಿದಾಗಲೂ ಮೇಲೆ ನಮ್ಮ ಮೇಜುಗಳು ಅಲುಗುತ್ತಿದ್ದವು. ನಕ್ಷೆಯಲ್ಲಿ ಯಾವ ರಸ್ತೆಯಾದರೂ ಎರಡು ಮೀಟರ್ ಪಕ್ಕಕ್ಕೆ ಸರಿದಿದ್ದರೆ ಅದಕ್ಕೆ ಡಬ್ಬಿಯ ಯಂತ್ರವೇ ಕಾರಣ ಎಂದು ನಾವು ನಂಬಿದ್ದೆವು. ಮೇಡಂ ನಂಬಿರಲಿಲ್ಲ.

ಕೆಲಸದ ಕ್ರಮ ಹೇಳಲು ಬಲು ಸರಳ. ಬೆಳಗ್ಗೆ ಬಂದು ಕಂಪ್ಯೂಟರ್ ತೆರೆದರೆ ನಮ್ಮ ಪಾಲಿನ ಹಳ್ಳಿಗಳು ಹಳದಿ ಬಣ್ಣದಲ್ಲಿ ಕೂತಿರುತ್ತಿದ್ದವು. ಉಪಗ್ರಹದ ಚಿತ್ರ ನೋಡಿ ಗೆರೆ ಎಳೆದೋ ಅಳಿಸಿಯೋ ಮೇಡಂಗೆ ಕಳಿಸಬೇಕು. ಅವರು ಒಪ್ಪಿದರೆ ಕೆಲಸ ಹಸಿರಾಗಿ ಮ್ಯಾನೇಜರ್ ಹತ್ತಿರ ಹೋಗುತ್ತಿತ್ತು, ಅಲ್ಲಿಂದ ಮೂಲ ನಕ್ಷೆಗೆ ಸೇರುತ್ತಿತ್ತು. ಒಪ್ಪದಿದ್ದರೆ ಕೆಂಪಾಗಿ ನಮ್ಮ ಹತ್ತಿರವೇ ಬರುತ್ತಿತ್ತು. ನನ್ನ ಪರದೆ ಮೊದಲ ಆರು ತಿಂಗಳು ಕೆಂಪಾಗಿಯೇ ಇತ್ತು. ಪಕ್ಕದಲ್ಲಿ ಕೂತವರು ಹೊಸ ವಾಲ್‌ಪೇಪರ್ ಹಾಕಿಕೊಂಡಿದ್ದಾನೆ ಅಂದುಕೊಂಡಿದ್ದರಂತೆ.

ಪ್ರತಿ ಗೆರೆಯ ಹಿಂದೆಯೂ ನಾಲ್ಕು ವಿಷಯಗಳು ತಾವಾಗಿಯೇ ದಾಖಲಾಗುತ್ತಿದ್ದವು: ಎಳೆದವರು ಯಾರು, ಯಾವಾಗ, ಕೊನೆಗೆ ಮುಟ್ಟಿದವರು ಯಾರು, ಯಾವಾಗ. ಮೇಡಂ ಮ್ಯಾನೇಜರ್ ಜೊತೆ ಜಗಳವಾಡಿ ಐದನೆಯದೊಂದನ್ನು ಸೇರಿಸಿದ್ದರು: ಯಾಕೆ. ಅದು ಮಾತ್ರ ತಾನಾಗಿ ತುಂಬಿಕೊಳ್ಳುತ್ತಿರಲಿಲ್ಲ, ನಾವೇ ಬರೆಯಬೇಕಿತ್ತು. ಬರೆಯುತ್ತಿದ್ದೆವು. ‘ಓಕೆ’ ಎಂದು ಬರೆಯುತ್ತಿದ್ದೆವು, ‘ಕರೆಕ್ಷನ್’ ಎಂದು ಬರೆಯುತ್ತಿದ್ದೆವು, ‘ಸಾರ್ ಹೇಳಿದಂತೆ’ ಎಂದು ಬರೆಯುತ್ತಿದ್ದೆವು. ಒಬ್ಬ ಮಹಾನುಭಾವ ಬರೀ ಒಂದು ಚುಕ್ಕೆ ಇಡುತ್ತಿದ್ದ. ಅದೂ ಕೆಂಪಾಗಿ ವಾಪಸ್ ಬಂತು, ‘ವಾಕ್ಯ ಮುಗಿದಿದೆ, ಶುರುವಾಗಿಲ್ಲ’ ಎಂಬ ಟಿಪ್ಪಣಿಯೊಂದಿಗೆ.

ಅವರಿಗೆ ಆಗ ಐವತ್ತೈದು ದಾಟಿತ್ತು. ಸ್ಥೂಲ ಶರೀರ, ಮೊಣಕಾಲು ನೋವು, ತಲೆಯ ಮೇಲೆ ಸೆರಗಿನಂತೆ ಹೊದ್ದ ದುಪ್ಪಟ್ಟಾ, ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ. ತುಮಕೂರಿನ ಹಳೇ ಪೇಟೆಯವರು. ತಂದೆ ತಗಡಿನ ಟ್ರಂಕು ಮಾಡುತ್ತಿದ್ದರು. ಕಂಪ್ಯೂಟರ್ ಬರುವ ಮುಂಚೆ ಇವರು ಸರ್ವೆ ನಕ್ಷೆಗಳನ್ನು ಬಟ್ಟೆಯಂಥ ಪಾರದರ್ಶಕ ಹಾಳೆಯ ಮೇಲೆ ಶಾಯಿಯಲ್ಲಿ ನಕಲು ಮಾಡುವ ಟ್ರೇಸರ್ ಆಗಿದ್ದವರು. ಇಪ್ಪತ್ತು ವರ್ಷ ತಾತ್ಕಾಲಿಕ ನೌಕರಿ. ತಾತ್ಕಾಲಿಕ ಎಂಬ ಪದದ ಅರ್ಥ ನೋಡಲು ನಿಘಂಟು ಬೇಕಿಲ್ಲ, ಅವರ ಸರ್ವಿಸ್ ಪುಸ್ತಕ ನೋಡಿದರೆ ಸಾಕಿತ್ತು.

“ಆಗ ತಪ್ಪಾದ್ರೆ ಬ್ಲೇಡ್ ತಗೊಂಡು ಕೆರೀಬೇಕಿತ್ತು ಕಣಪ್ಪ,” ಎನ್ನುತ್ತಿದ್ದರು. “ಕೆರೆದ ಜಾಗ ಬೆಳಕಿಗೆ ಹಿಡಿದ್ರೆ ಕಾಣ್ತಿತ್ತು. ನಿಮ್ದೆಲ್ಲ ಸುಖ. ಒಂದು ಬಟನ್ ಒತ್ತಿದ್ರೆ ಊರೇ ಇರಲ್ಲ.”

ನಾನು ಗುಬ್ಬಿಯಲ್ಲಿ ಓದಿ, ಡಿಪ್ಲೊಮಾ ಮುಗಿಸಿ, ತುಮಕೂರಿನ ಬಟವಾಡಿಯಲ್ಲಿ ರೂಮು ಮಾಡಿಕೊಂಡು ಈ ಕೆಲಸಕ್ಕೆ ಸೇರಿದವನು. ಮೊದಲ ವಾರ ನಮ್ಮ ತಾಲ್ಲೂಕಿನದೇ ಒಂದು ಹಳ್ಳಿ ನನ್ನ ಪಾಲಿಗೆ ಬಂದಿತ್ತು. ಊರಿನ ಅಭಿಮಾನದಿಂದ ಭರ್ಜರಿಯಾಗಿ ರಸ್ತೆ ಎಳೆದೆ. ಮಧ್ಯಾಹ್ನಕ್ಕೆ ಕರೆ ಬಂತು.

“ಗುಬ್ಬಿಯವ್ನೇ ಅಲ್ವೇನಪ್ಪ ನೀನು?”

“ಹೌದು ಮೇಡಂ.”

“ನಿಮ್ ಕಡೆ ಬಸ್ಸುಗಳಿಗೆ ಈಜು ಬರ್ತದಾ?”

ನೋಡಿದರೆ ನನ್ನ ರಸ್ತೆ ಕೆರೆಯ ನಡುಮಧ್ಯೆ ಹೋಗಿತ್ತು. “ಫೋಟೋದಲ್ಲಿ ಕೆರೆ ಒಣಗಿತ್ತು ಮೇಡಂ. ಗಾಡಿ ಓಡಾಡಿದ ಗುರುತು ಕಾಣಿಸ್ತು,” ಎಂದೆ.

“ಫೋಟೋ ತೆಗೆದೋರು ಬೇಸಿಗೇಲಿ ತೆಗೆದವ್ರೆ. ಮಳೆ ಬಂದ್ಮೇಲೆ ನಿನ್ ರಸ್ತೇಲಿ ಓಡಾಡೋರು ಯಾರು, ಮೀನಾ?” ಎಂದು ಕೆಂಪು ಬಟನ್ ಒತ್ತಿದರು.

ನಮಗೆ ಮಾತ್ರ ಹೀಗೆ, ತಮ್ಮ ವಿಷಯದಲ್ಲಿ ಹೇಗೋ ಎಂದು ನನಗೆ ಕುತೂಹಲವಿತ್ತು. ಒಂದು ದಿನ ಕೆಲಸವಿಲ್ಲದೆ ಹಳೆಯ ದಾಖಲೆ ಕೆದಕುತ್ತಿದ್ದಾಗ ಅವರ ಹೆಸರಿನಲ್ಲೊಂದು ತಪ್ಪು ಸಿಕ್ಕಿತು. ಎರಡು ಹಟ್ಟಿಗಳ ಹೆಸರನ್ನು ಅದಲುಬದಲು ಮಾಡಿ, ಮಾರನೆಯ ದಿನ ಸರಿಪಡಿಸಿದ್ದರು. ‘ಯಾಕೆ’ ಎಂಬಲ್ಲಿ ಹೀಗೆ ಬರೆದಿತ್ತು: ‘ನಿನ್ನೆ ಕನ್ನಡಕ ಮನೆಯಲ್ಲಿ ಬಿಟ್ಟು ಬಂದು, ಕಾಣುತ್ತಿದೆ ಎಂದು ಜಂಬ ಮಾಡಿದೆ. ತಪ್ಪು ನನ್ನದು.’ ನಿಧಿ ಸಿಕ್ಕವನಂತೆ ಇಡೀ ಆಫೀಸಿಗೆ ತೋರಿಸಿಕೊಂಡು ಬಂದೆ. ಅವರೂ ಬಂದು ನೋಡಿ, “ಜಂಬಕ್ಕೆ ಅನುಸ್ವಾರ ಸರಿಯಾಗಿದೆ ಅಲ್ವಾ?” ಎಂದು ಕೇಳಿ ಹೋದರು.

ಈಗ ಮ್ಯಾನೇಜರ್ ಅವರ ವಿಷಯ. ಅವರದು ವಿಶಾಲ ಹೃದಯ. ‘ಡೇಟಾ ನಿಲ್ಲಬಾರದು, ಹರೀತಿರಬೇಕು’ ಎಂಬುದು ಅವರ ಸಿದ್ಧಾಂತ. ಯಾರಾದರೂ ರಜೆ ಹಾಕಿದರೂ ಹರಿಯಬೇಕು ಎಂದು ನಮ್ಮೆಲ್ಲರ ಪಾಸ್‌ವರ್ಡ್‌ಗಳನ್ನು ಒಂದು ಹಾಳೆಯಲ್ಲಿ ಬರೆಸಿ ತಮ್ಮ ಕ್ಯಾಬಿನ್ನಿನ ಗೋಡೆಗೆ ಅಂಟಿಸಿಕೊಂಡಿದ್ದರು. ಪಟ್ಟಿಯಲ್ಲಿ ಮೇಡಂ ಹೆಸರಿನ ಮುಂದೆ ಮಾತ್ರ ಖಾಲಿ. ಒಂದು ಮೀಟಿಂಗಿನಲ್ಲಿ ಮ್ಯಾನೇಜರ್ ಈ ಬಗ್ಗೆ ನೊಂದುಕೊಂಡು, “ನಾವೆಲ್ಲ ಒಂದೇ ಫ್ಯಾಮಿಲಿ ಅಲ್ವಾ ಮೇಡಂ? ಫ್ಯಾಮಿಲಿ ಒಳಗೆ ಪಾಸ್‌ವರ್ಡ್ ಏನು?” ಎಂದರು.

“ಫ್ಯಾಮಿಲಿ ಒಳಗೇ ಸಾರ್ ಟ್ರಂಕಿಗೆ ಬೀಗ ಹಾಕೋದು,” ಎಂದರು ಇವರು. “ಇಲ್ದಿದ್ರೆ ನಮ್ಮಪ್ಪನ ಅಂಗಡಿ ನಡೀತಿತ್ತಾ?”

ಎಲ್ಲರೂ ನಕ್ಕರು. ಮೀಟಿಂಗ್ ಮುಗಿದ ಮೇಲೆ ನನ್ನನ್ನು ಕರೆದು, “ನಿಂದಾದ್ರೂ ಬದಲಾಯಿಸ್ಕೋ ಕಣಪ್ಪ, ಹೇಳ್ತಿದೀನಿ,” ಎಂದರು. ಆಗಲಿ ಮೇಡಂ ಎಂದೆ. ಬದಲಾಯಿಸಲಿಲ್ಲ. ಹೊಸ ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವುದು ಎಷ್ಟು ಕಷ್ಟ ಎಂಬುದು ಎಲ್ಲರಿಗೂ ಗೊತ್ತಿರುವುದೇ.

ಹೀಗೆ ಎರಡೂವರೆ ವರ್ಷ ಸುಖವಾಗಿ ಕಳೆದ ಮೇಲೆ ಒಂದು ದಿನ ಬೆಳಗ್ಗೆ ಹೆಂಗಸೊಬ್ಬರು ಮೆಟ್ಟಿಲು ಹತ್ತಿ ಆಫೀಸಿಗೆ ಬಂದರು. ಕುಣಿಗಲ್ ತಾಲ್ಲೂಕು, ಹುತ್ರಿದುರ್ಗದ ಬುಡದ ಒಂದು ಹಟ್ಟಿಯವರು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ನಕ್ಷೆಯ ಪ್ರಿಂಟು. ತಾಲ್ಲೂಕು ಕಚೇರಿಯಲ್ಲಿ ಯಾರೋ, ಇದನ್ನೆಲ್ಲ ಮಾಡೋದು ತುಮಕೂರಿನ ಇಂಥ ಕಡೆ ಅಂತ ಹೇಳಿ ಕೈತೊಳೆದುಕೊಂಡಿದ್ದರು. ಅಲ್ಲಿಂದ ಎರಡು ಬಸ್ಸು ಬದಲಾಯಿಸಿ, ಸತ್ಯಮಂಗಲದಲ್ಲಿ ಹತ್ತು ಜನರನ್ನು ವಿಚಾರಿಸಿ, ಡಬ್ಬಿ ಕಾರ್ಖಾನೆಯೊಳಗೂ ಒಮ್ಮೆ ಹೋಗಿ ಬಂದು ಕೊನೆಗೆ ನಮ್ಮಲ್ಲಿಗೆ ಬಂದಿದ್ದರು. ಮ್ಯಾನೇಜರ್ ಕ್ಯಾಬಿನ್ನಿನಲ್ಲಿ ಕೂರಿಸಿದರು. ಮೇಡಂ ಅವರನ್ನೂ ನನ್ನನ್ನೂ ಕರೆಸಿದರು.

“ನಮ್ ಹಟ್ಟಿಗೆ ಇರೋದು ಒಂದೇ ದಾರಿ ಕಣಕ್ಕ,” ಎಂದು ಆಕೆ ಗಂಡಸರನ್ನು ಬಿಟ್ಟು ಮೇಡಂ ಕಡೆಗೇ ತಿರುಗಿ ಹೇಳಿದರು. “ನಮ್ಮಜ್ಜನ ಕಾಲ್ದಿಂದ ಗಾಡಿ ಓಡಾಡಿರೋ ದಾರಿ. ಈಗ ಪಕ್ಕದ ಜಮೀನ್ನೋರು ಕಲ್ಕಂಬ ನೆಟ್ಟು ತಂತಿ ಬಿಗ್ದವ್ರೆ. ಕೇಳಿದ್ರೆ ಮ್ಯಾಪಲ್ಲಿ ದಾರಿನೇ ಇಲ್ಲ, ನೋಡ್ಕೋ ಹೋಗು ಅಂತ ಇದ್ನ ಕೊಟ್ರು. ನಮ್ಮೆಜಮಾನ್ರಿಗೆ ಕಿಡ್ನಿ ಹೋಗದೆ. ವಾರಕ್ಕೆರಡು ಸಲ ಕುಣಿಗಲ್ ಆಸ್ಪತ್ರೇಲಿ ರಕ್ತ ತೊಳೆಸ್ಬೇಕು. ಮುಂಚೆ ಆಟೋ ಬಾಗ್ಲಿಗೆ ಬರ್ತಿತ್ತು. ಈಗ ಕೆರೆ ಏರಿ ಸುತ್ಕಂಡು ನಡ್ದು ಹೋಗ್ಬೇಕು. ಬರ್ವಾಗ ಅವ್ರ ಕೈಲಿ ಆಗಕಿಲ್ಲ, ಮೂರ್ ಕಡೆ ಕುಂತ್ಕತಾರೆ.”

ಮ್ಯಾನೇಜರ್ ಮರುಕದಿಂದ ತಲೆಯಾಡಿಸಿದರು. “ಪಾಪ. ಆದ್ರೆ ನೋಡಮ್ಮ, ಮ್ಯಾಪ್ ಮಾಡೋದು ಉಪಗ್ರಹದ ಫೋಟೋ ನೋಡಿ. ಉಪಗ್ರಹ ಸುಳ್ಳು ಹೇಳಲ್ಲ.”

“ಉಪಗ್ರಹದ ಲಾಗಿನ್ ನಮ್ಮಲ್ಲಿ ಇಲ್ಲ ಸಾರ್,” ಎಂದರು ಮೇಡಂ. “ಹಿಸ್ಟರಿ ತೆಗೀರಿ.”

ಅಳಿಸಿದರೂ ಹಳೆಯ ಗೆರೆ ಎಲ್ಲಿಯೂ ಹೋಗುವುದಿಲ್ಲ. ಯಾವ ದಿನ ನಕ್ಷೆ ಹೇಗಿತ್ತು ಎಂದು ಕೇಳಿದರೆ ಯಂತ್ರ ತೋರಿಸುತ್ತದೆ. ತೋರಿಸಿತು. ಎಂಟು ತಿಂಗಳ ಹಿಂದೆ ಅಲ್ಲಿ ದಾರಿ ಇತ್ತು. ಒಂದು ಮಧ್ಯಾಹ್ನ ಅದನ್ನು ಅಳಿಸಲಾಗಿತ್ತು. ಅಳಿಸಿದವರ ಜಾಗದಲ್ಲಿ ನನ್ನ ಹೆಸರಿತ್ತು. ಯಾಕೆ ಎಂಬಲ್ಲಿ ‘ಓಕೆ’ ಎಂದಿತ್ತು.

ಆ ದಿನಾಂಕ ನೋಡುತ್ತಲೇ ನನಗೆ ಗೊತ್ತಾಯಿತು. ಅದು ನನ್ನ ತಂಗಿಯ ನಿಶ್ಚಿತಾರ್ಥದ ದಿನ. ನಾನು ರಜೆ ಹಾಕಿ ಗುಬ್ಬಿಯಲ್ಲಿದ್ದೆ, ಬೀಗರಿಗೆ ಪಾನಕ ಹಂಚುತ್ತಿದ್ದೆ. ತಲೆ ಎತ್ತಿದರೆ ಗೋಡೆಯ ಮೇಲೆ ಪಾಸ್‌ವರ್ಡ್ ಪಟ್ಟಿ, ಅದರ ಕೆಳಗೆ ಮ್ಯಾನೇಜರ್ ಮುಖ.

“ನಿನ್ ಲಾಗಿನ್ ಅಲ್ವೇನಪ್ಪ ಇದು?” ಎಂದು ಅವರು ಬಹಳ ಮೃದುವಾಗಿ ಕೇಳಿದರು. ಮುಂದಿನ ತಿಂಗಳು ನನ್ನ ಗುತ್ತಿಗೆ ನವೀಕರಣವಿತ್ತು. ಅವರು ಅದನ್ನು ಹೇಳಲಿಲ್ಲ. ಅಂಥ ಒರಟು ಮನುಷ್ಯರಲ್ಲ.

“ಹೌದು ಸಾರ್,” ಎಂದೆ. “ಕೈತಪ್ಪಿನಿಂದ ಆಗಿರಬಹುದು.”

ಹಟ್ಟಿಯ ಹೆಂಗಸು ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. “ಚಿಕ್ಕೋನು, ಬುಡಿ. ಈಗ ಸರಿ ಮಾಡ್ಕೊಟ್ರೆ ಸಾಕು,” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮೇಡಂ ಪರದೆಯನ್ನೇ ನೋಡುತ್ತಿದ್ದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಬೆರಳಿಟ್ಟು ಆ ಹೆಂಗಸಿಗೆ ತೋರಿಸಿದರು. “ಇಲ್ಲಿ ಕೆಳಗೆ ಇನ್ನೊಂದು ಹೆಸ್ರಿದೆ ನೋಡಮ್ಮ. ಅದು ನಂದು. ಅಳಿಸಿದ್ದು ಒಬ್ರು. ಅದನ್ನ ನೋಡಿ, ಸರಿ ಇದೆ ಅಂತ ಒಪ್ಪಿದ್ದು ನಾನು. ನಾನು ಒಪ್ಪದೆ ಇದ್ದಿದ್ರೆ ನಿಮ್ ದಾರಿ ಹೋಗ್ತಿರ್ಲಿಲ್ಲ.”

ಮ್ಯಾನೇಜರ್ ಆ ಪ್ರಿಂಟನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಆಕೆಯ ಕೈಗಿಟ್ಟರು. ಕೆಳಗೆ ಡಬ್ಬಿಗಳು ಬಡಿದುಕೊಳ್ಳುತ್ತಿದ್ದವು.

ಹೊರಗೆ ಬಂದ ಮೇಲೆ ಮೇಡಂ ನನ್ನ ಪಕ್ಕದಲ್ಲೇ ನಡೆಯುತ್ತ, “ಅವತ್ತು ನಿನ್ ತಂಗಿ ನಿಶ್ಚಿತಾರ್ಥ ಅಲ್ವೇನಪ್ಪ?” ಎಂದರು.

“ಹೌದು ಮೇಡಂ.”

“ಮಾರನೇ ದಿನ ಒಬ್ಬಟ್ಟು ತಂದಿದ್ದೆ. ಚೆನ್ನಾಗಿತ್ತು.” ಅಷ್ಟು ಹೇಳಿ ತಮ್ಮ ಕುರ್ಚಿಗೆ ಹೋದರು. ಸಂಜೆ ಮನೆಗೆ ಹೊರಡುವಾಗ ಮಾತ್ರ, “ಭಾನುವಾರ ಹಟ್ಟಿಗೆ ಹೋಗ್ತಿದೀನಿ. ಬರೋದಿದ್ರೆ ಬಾ,” ಎಂದರು.

ಹೋದೆ. ಒಳ್ಳೆಯತನದಿಂದ ಹೋದೆ ಎನ್ನಲಾರೆ. ಅವರೊಬ್ಬರನ್ನೇ ಬಿಟ್ಟರೆ ಅಲ್ಲಿ ಏನೇನು ಪತ್ತೆ ಮಾಡುತ್ತಾರೋ ಎಂಬ ಆತಂಕವೂ ಇತ್ತು. ತುಮಕೂರಿನಿಂದ ಕುಣಿಗಲ್‌ಗೆ ಬಸ್ಸು, ಅಲ್ಲಿಂದ ಆಟೋ. ಮೇಡಂ ಬ್ಯಾಗಿನಲ್ಲಿ ಒಂದು ಛತ್ರಿ, ನೀರು, ಅವಲಕ್ಕಿಯ ಡಬ್ಬಿ, ನಡೆದ ದಾರಿಯನ್ನು ದಾಖಲಿಸಿಕೊಳ್ಳುವ ಫೋನು. ನಕ್ಷೆಯಲ್ಲಿ ಒಂದು ಗೆರೆ ಮತ್ತೆ ಹಾಕಬೇಕಾದರೆ ಸ್ಥಳದ ಪುರಾವೆ ಬೇಕು ಎಂಬುದು ಅವರೇ ಮಾಡಿದ್ದ ನಿಯಮ.

ದಾರಿ ಇತ್ತು. ಹುಡುಕುವ ಅಗತ್ಯವೇ ಇರಲಿಲ್ಲ. ಚಕ್ರಗಳು ಆಳವಾಗಿ ಕೊರೆದ ಎರಡು ಜಾಡು, ಹಳ್ಳ ದಾಟುವಲ್ಲಿ ಚಪ್ಪಡಿ ಕಲ್ಲು, ಆ ಕಲ್ಲಿನ ಮೇಲೂ ಸವೆದ ಗುರುತು. ನಡುವೆ ಹೊಸ ಕಲ್ಲುಕಂಬ, ಮುಳ್ಳುತಂತಿ. ನಾವು ಫೋಟೋ ತೆಗೆಯುತ್ತಿರುವಾಗ ಜಮೀನಿನ ಯಜಮಾನರು ಬುಲೆಟ್ ಮೇಲೆ ಬಂದರು. ಬೆಟ್ಟದ ಬುಡದಲ್ಲಿ ರೆಸಾರ್ಟ್ ಕಟ್ಟುವ ಆಲೋಚನೆ ಇದ್ದವರು. ನಾವು ಯಾರು ಎಂದು ತಿಳಿದ ಕೂಡಲೇ ಮುಖ ಅರಳಿತು.

“ಓ, ನೀವಾ! ನಿಮ್ ಮ್ಯಾನೇಜರ್ರು ನಮ್ ಷಡ್ಡಕ ಕಣ್ರೀ. ಮ್ಯಾಪಲ್ಲಿ ದಾರಿ ಇಲ್ಲ ಅಂತ ಪ್ರಿಂಟ್ ಕೊಟ್ಟಿದ್ದೇ ಅವ್ರು. ಮತ್ತೆ ಬಂದು ನೋಡೋದೇನಿದೆ? ಇಲ್ಲಿ ದಾರಿ ಇಲ್ಲ.”

“ದಾರಿ ಇಲ್ದಿದ್ರೆ ನೀವು ಬುಲೆಟ್ ಹೇಗೆ ತಂದ್ರಿ ಸಾರ್?” ಎಂದರು ಮೇಡಂ. ಯಜಮಾನರು ಬೈಕಿನತ್ತ ನೋಡಿಕೊಂಡರು. ಅದು ಎರಡು ಜಾಡುಗಳಲ್ಲಿ ಒಂದರ ಮೇಲೆ ನಿಂತಿತ್ತು.

ನಾನು ಕೆಲಸ ಮುಗಿಯಿತು ಎಂದುಕೊಂಡೆ. ಆದರೆ ಮೇಡಂ ಕೆರೆ ಏರಿಯ ಸುತ್ತುದಾರಿಯನ್ನೂ ನಡೆಯಬೇಕೆಂದರು. “ಅದು ಪುರಾವೆಗೆ ಬೇಡ ಮೇಡಂ,” ಎಂದೆ. “ನಿಂಗೆ ಬೇಡ,” ಎಂದು ನಡೆದೇ ಬಿಟ್ಟರು. ಬಿಸಿಲು ಏರಿತ್ತು. ಅವರ ಮೊಣಕಾಲು ಆಫೀಸಿನ ಮೆಟ್ಟಿಲಿಗೇ ಮುಷ್ಕರ ಹೂಡುವಂಥದ್ದು. ಮೊದಲು ಹುಣಸೆಮರದ ಕೆಳಗೆ, ಆಮೇಲೆ ತೂಬಿನ ಕಲ್ಲಿನ ಮೇಲೆ, ಕೊನೆಗೆ ಬರೀ ನೆಲದ ಮೇಲೆ ಕೂತರು. ಹಟ್ಟಿಯ ಹೆಂಗಸು ಜೊತೆಗಿದ್ದರು. ಅವರ ಗಂಡ ಕೂರುತ್ತಿದ್ದುದೂ ಆ ಮೂರು ಕಡೆಗಳಲ್ಲೇ ಎಂದು ಅವರು ಹೇಳಿದಾಗ ಮೇಡಂ ಛತ್ರಿ ಊರಿಕೊಂಡು ಮತ್ತೆ ಎದ್ದರು.

ಮನೆ ತಲುಪಿದಾಗ ಆ ಗಂಡ ಜಗುಲಿಯ ಮೇಲೆ ಗೋಡೆಗೊರಗಿ ಕೂತಿದ್ದರು. ಊದಿದ ಕಾಲು, ಮಣ್ಣಿನ ಬಣ್ಣದ ಮುಖ. “ಬನ್ನಿ, ಕುಂತ್ಕಳಿ, ಸುತ್ತಿ ಬಂದ್ರಾ?” ಎಂದು ನಮಗಾಗಿ ಅವರೇ ಪೇಚಾಡಿಕೊಂಡರು. ಮೇಡಂ ಮಜ್ಜಿಗೆ ಕುಡಿದರು. ಲೋಟ ಕೆಳಗಿಟ್ಟು ನನಗೆ ಮಾತ್ರ ಕೇಳುವಂತೆ ಹೇಳಿದರು: “ಎಂಟು ತಿಂಗ್ಳು ಇವ್ರನ್ನ ಅಷ್ಟು ದೂರ ನಡೆಸಿದೀನಿ ನಾನು.”

ನಾನು ಎಂದರು, ನಾವು ಎನ್ನಲಿಲ್ಲ.

ಸೋಮವಾರ ನಾನೇ ದಾರಿಯನ್ನು ಮತ್ತೆ ಎಳೆದೆ. ಫೋಟೋ, ನಡೆದ ದಾಖಲೆ ಎಲ್ಲ ಸೇರಿಸಿ ಕಳಿಸಿದೆ. ಮೇಡಂ ಅದನ್ನು ಅರ್ಧ ಗಂಟೆ ನೋಡಿ ಒಪ್ಪಿದರು. ಮ್ಯಾನೇಜರ್ ಹತ್ತಿರ ಹೋಗಿ ಅದು ನಿಂತಿತು. ಸದಾ ಹರಿಯಬೇಕಿದ್ದ ಡೇಟಾ ಅಂದು ಮೊದಲ ಬಾರಿಗೆ ವಿಶ್ರಾಂತಿ ಪಡೆಯಿತು. ಒಂದು ವಾರವಾದರೂ ಮುಂದೆ ಸರಿಯಲಿಲ್ಲ. ಬದಲಿಗೆ ಮೀಟಿಂಗ್ ಕರೆದರು.

“ಸರ್ವರ್ ಭಾರ ಆಗಿದೆ. ಹಳೇ ಹಿಸ್ಟರಿ ಎಲ್ಲ ಕ್ಲೀನ್ ಮಾಡೋಣ ಅಂತಿದೀನಿ,” ಎಂದರು ಮ್ಯಾನೇಜರ್. “ಎಲ್ಲಾರಿಗೂ ಒಳ್ಳೇದು. ಯಾರ್ದೂ ಹೆಸ್ರಿರಲ್ಲ, ಯಾರಿಗೂ ತೊಂದ್ರೆ ಇಲ್ಲ. ನಿಮಗೂ ಕೂಡ ಮೇಡಂ. ನಿಮ್ ಹೆಸ್ರೂ ಇದೆಯಲ್ಲ ಅದ್ರಲ್ಲಿ?”

“ಇದೆ ಸಾರ್. ಅದಕ್ಕೇ ಬೇಡ ಅಂತಿರೋದು,” ಎಂದರು ಅವರು.

ಅಂದು ಮಧ್ಯಾಹ್ನವೇ, ನಮಗೆ ಈ ಗುತ್ತಿಗೆ ಕೊಟ್ಟಿದ್ದ ಇಲಾಖೆಗೆ ಎರಡು ಪುಟದ ಪತ್ರ ಬರೆದರು. ಮುದ್ದಾದ ಕೈಬರಹ, ಟ್ರೇಸರ್‌ಗಳ ಅಕ್ಷರ ಎಂದರೆ ಹಾಗೆ. ನನ್ನ ಮೇಜಿಗೆ ತಂದು, “ಕನ್ನಡ ತಪ್ಪಿದ್ರೆ ನೋಡಪ್ಪ,” ಎಂದರು. ಓದಿದೆ. ದಾರಿ ಅಳಿಸಿದ ದಿನ, ಯಾವ ಲಾಗಿನ್ನಿನಿಂದ ಎಂಬುದು, ಒಪ್ಪಿದ್ದು ತಾನು ಎಂಬುದು, ಪರಿಶೀಲಿಸದೆ ಒಪ್ಪಿದ್ದು ತನ್ನ ಕರ್ತವ್ಯಲೋಪ ಎಂಬುದು, ಗೋಡೆಯ ಮೇಲಿನ ಪಾಸ್‌ವರ್ಡ್ ಪಟ್ಟಿ, ಹಿಸ್ಟರಿಯ ನಕಲು, ಎಲ್ಲ ಇತ್ತು. ಒಂದು ಸಾಲು ಹೀಗಿತ್ತು: ‘ವಾಸ್ತವದಲ್ಲಿ ಅಳಿಸಿದವರು ಯಾರೆಂದು ನಾನು ಕಣ್ಣಾರೆ ಕಂಡಿಲ್ಲ. ಅದನ್ನು ಹೇಳಬಲ್ಲವರು ಬೇರೆ ಇದ್ದಾರೆ.’

ಆ ಸಾಲಿನ ಮುಂದೆ ನನ್ನ ಸಹಿಗೆ ಬೇಕಾದಷ್ಟು ಜಾಗವಿತ್ತು. ನಾನು ‘ಪರಿಶೀಲನೆ’ಯ ಒಂದು ಕಾಗುಣಿತ ತಿದ್ದಿ ವಾಪಸ್ ಕೊಟ್ಟೆ. “ಥ್ಯಾಂಕ್ಸ್ ಕಣಪ್ಪ,” ಎಂದರು. ಅದರಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಅವರ ಮಾತಿನಲ್ಲಿ ವ್ಯಂಗ್ಯ ಇಲ್ಲದಿರುವುದೇ ಅಪರೂಪವಾದ್ದರಿಂದ ಇತ್ತೆಂದೇ ಅಂದುಕೊಂಡು ಸಮಾಧಾನ ಮಾಡಿಕೊಂಡೆ.

ಮೂರೇ ವಾರದಲ್ಲಿ ಆಫೀಸಿನಲ್ಲಿ ಸುಧಾರಣೆಯ ಗಾಳಿ ಬೀಸಿತು. ಪರಿಶೀಲನೆಯ ಹಂತವೇ ವಿಳಂಬಕ್ಕೆ ಕಾರಣ ಎಂದು ಮ್ಯಾನೇಜರ್ ಕಂಡುಕೊಂಡರು. ಇನ್ನು ಮುಂದೆ ಎರಡು ದಿನದೊಳಗೆ ಯಾರೂ ಆಕ್ಷೇಪಿಸದಿದ್ದರೆ ಕೆಲಸ ತಾನಾಗಿ ಹಸಿರಾಗುವಂತೆ ಏರ್ಪಾಡಾಯಿತು. ಆಕ್ಷೇಪಿಸುವವರು ಇರಬಾರದಲ್ಲ, ಹಾಗಾಗಿ ಮೇಡಂಗೆ ಬೀಳ್ಕೊಡುಗೆ. ಶಾಲು, ಹಣ್ಣಿನ ಬುಟ್ಟಿ, ‘ಸ್ವಯಂ ನಿವೃತ್ತಿಯ ಶುಭಾಶಯಗಳು’ ಎಂದು ಕೆತ್ತಿಸಿದ ಗಾಜಿನ ಫಲಕ. ಮ್ಯಾನೇಜರ್ ಕಣ್ಣಲ್ಲಿ ನೀರು ತಂದುಕೊಂಡು ಮಾತನಾಡಿದರು. ನಾನು ಹಾರ ಹಾಕಿದೆ. ಕಿರಿಯರಲ್ಲಿ ಅವರಿಗೆ ಹತ್ತಿರದವನು ನಾನೇ ಎಂದು ನನ್ನನ್ನೇ ಆರಿಸಿದ್ದರು.

ಎರಡು ಮಾತು ಹೇಳಿ ಎಂದಾಗ ಮೇಡಂ ಫಲಕವನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. “ಸ್ವಯಂ ಅಂದ್ರೆ ಯಾರು ಸಾರ್?” ಎಂದು ಕೇಳಿದರು. ಎಲ್ಲರೂ ಜೋರಾಗಿ ನಕ್ಕೆವು. ತಮಾಷೆ ಎಂದುಕೊಂಡರೆ ಎಲ್ಲರಿಗೂ ಅನುಕೂಲವಿತ್ತು.

ಆದರೆ ಪತ್ರ ಮಾತ್ರ ಸುಮ್ಮನೆ ಕೂರಲಿಲ್ಲ. ನಾಲ್ಕನೆಯ ತಿಂಗಳು ಇಲಾಖೆಯಿಂದ ಅಧಿಕಾರಿಯೊಬ್ಬರು ವಿಚಾರಣೆಗೆ ಬಂದರು. ನನ್ನನ್ನು ಕರೆದು, “ಈ ಲಾಗಿನ್ ನಿಮ್ಮದಾ?” ಎಂದರು. ನಾನು ಎಲ್ಲವನ್ನೂ ಹೇಳಿದೆ. ರಜೆ ಅರ್ಜಿ ತೋರಿಸಿದೆ, ಗೋಡೆಯ ಪಟ್ಟಿ ತೋರಿಸಿದೆ, ಷಡ್ಡಕನ ಮಾತು ಹೇಳಿದೆ, ಕ್ಯಾಬಿನ್ನಿನಲ್ಲಿ ನಾನು ಸುಳ್ಳು ಹೇಳಿದ್ದನ್ನೂ ಹೇಳಿ ಬರೆದು ಸಹಿ ಹಾಕಿದೆ. ಧೀರನಂತೆ ಹೇಳಿದೆ. ಬೇರೆ ಕಂಪನಿಯ ಕೆಲಸದ ಆದೇಶ ಹಿಂದಿನ ದಿನವಷ್ಟೇ ನನ್ನ ಕೈಸೇರಿತ್ತು ಎಂಬುದನ್ನು ಮಾತ್ರ ಅವರಿಗೆ ಹೇಳುವ ಅಗತ್ಯ ಕಾಣಲಿಲ್ಲ.

ಮ್ಯಾನೇಜರ್‌ಗೆ ಶಿಕ್ಷೆಯಾಯಿತು. ಅವರನ್ನು ಬೇರೆ ಜಿಲ್ಲೆಗೆ, ಇನ್ನೂ ದೊಡ್ಡ ಕ್ಯಾಬಿನ್ನಿಗೆ ಕಳಿಸಿದರು. ದಾರಿ ಮೂಲ ನಕ್ಷೆಗೆ ಸೇರಿತು. ತಹಸೀಲ್ದಾರರ ಕಡೆಯವರು ನಿಂತು ಕಂಬ ಕೀಳಿಸಿದರು. ಹಟ್ಟಿಯ ಹೆಂಗಸು ಮೇಡಂಗೆ ಫೋನ್ ಮಾಡಿ, ಆಟೋ ಬಾಗಿಲಿಗೆ ಬಂತು ಎಂದು ಹೇಳಿದರಂತೆ. ಹಿಂದಿನಿಂದ ಆಟೋ ಹಾರ್ನ್ ಬೇರೆ ಕೇಳಿಸಿದರಂತೆ.

ಇಷ್ಟೆಲ್ಲ ಆದ ಮೇಲೆ ಒಂದು ಸಂಜೆ ಅವರ ಮನೆಗೆ ಹೋದೆ. ಹೇಳಿಕೆ ಕೊಟ್ಟಿದ್ದನ್ನು ಹೇಳಬೇಕಿತ್ತು. ನಿಜ ಹೇಳಬೇಕೆಂದರೆ ಶಹಬ್ಬಾಸ್ ಅನ್ನಿಸಿಕೊಳ್ಳಬೇಕಿತ್ತು. ಹಳೇ ಪೇಟೆಯ ಓಣಿಯಲ್ಲಿ ಎರಡು ಕೋಣೆಯ ಮನೆ. ತಂಗಿಯ ಜೊತೆ ಇದ್ದರು. ಚಹಾ, ಬೇಕರಿಯ ಬಿಸ್ಕತ್ತು ಇಟ್ಟು, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

“ಒಳ್ಳೇದಾಯ್ತು ಕಣಪ್ಪ. ಹೊಸ ಕೆಲ್ಸ ಯಾವಾಗಿಂದ?” ಎಂದರು.

ಅವರಿಗೆ ಹೇಗೆ ಗೊತ್ತಾಯಿತೋ ಕಾಣೆ. ಮಾತು ತಿರುಗಿಸಲು, ಅಷ್ಟು ದಿನದಿಂದ ನನ್ನನ್ನು ಕೊರೆಯುತ್ತಿದ್ದುದನ್ನು ಕೇಳಿಬಿಟ್ಟೆ. “ಮೇಡಂ, ನೀವು ಯಾರ ಕೆಲಸವನ್ನೂ ತೆರೆದು ನೋಡದೆ ಒಪ್ಪಿದವರಲ್ಲ. ಅದೊಂದನ್ನ ಹೇಗೆ ಒಪ್ಪಿದ್ರಿ? ಅವತ್ತು ಹುಷಾರಿರ್ಲಿಲ್ವಾ?”

“ಹುಷಾರಾಗೇ ಇದ್ದೆ.” ಅವರು ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು. “ಎಲ್ಲಾರ್ದೂ ತೆರೆದು ನೋಡ್ತಿದ್ದೆ ಕಣಪ್ಪ. ನಿಂದೊಂದು ನೋಡ್ತಿರ್ಲಿಲ್ಲ. ಅಷ್ಟೊತ್ತಿಗಾಗ್ಲೇ ಒಂದು ವರ್ಷದಿಂದ ನೋಡ್ತಿರ್ಲಿಲ್ಲ. ನಿನ್ ಹೆಸ್ರು ಕಂಡ್ರೆ ಸೀದಾ ಹಸಿರು ಒತ್ತಿಬಿಡ್ತಿದ್ದೆ. ಇವ್ನು ಕಲ್ತಿದಾನೆ, ಇವನ್ದು ನೋಡೋದೇನಿದೆ ಅಂತ.”

ನನ್ನ ಕೆಲಸ ವಾಪಸ್ ಬರುವುದು ನಿಂತದ್ದು, ಅವರಿಗೆ ವಯಸ್ಸಾಗಿ ಕಣ್ಣು ಮಂಜಾದ್ದರಿಂದ ಎಂದು ನಾನು ಗೆಳೆಯರ ಹತ್ತಿರ ಹೇಳಿಕೊಂಡು ತಿರುಗಿದ್ದೆ.

ಚಹಾ ಕುಡಿದು ಮುಗಿಸಿದೆ. ಅವರು ಬಾಗಿಲವರೆಗೂ ಬಂದು, ಓಣಿಯಲ್ಲಿ ಕೆಲಸ ನಡೀತಿದೆ, ಗುಂಡಿ ತೋಡವ್ರೆ, ನೋಡ್ಕೊಂಡು ಹೋಗು ಎಂದರು.